ಬೆಚ್ಚನೆಯ ದನಿ

"ಆ ಬೆಂಕಿಪೊಟ್ಟಣಾನ ಆಚೆ ತೆಗೀರಿ ಡಾಕ್ಟ್ರೇ. ಕಾಫಿ ಕೆಟ್ಟುಹೋಗುತ್ತೆ."

ಕುಮಗಾಯಿಯ ಮಾತಿಗೆ ಹಲ್ಲಿನ ಡಾಕ್ಟರು ಓನೊದೆರಾ ನಕ್ಕ. ಮೇಜಿನ ಮೇಲಿದ್ದುದು ಅವನು ತೋರಿಸಲೆಂದು ತಂದಿದ್ದ ಹೊಸ ಆಂಪ್ಲಿಫೈಯರು. ಅಂಗೈಯಗಲ, ತೂಕವಿಲ್ಲ, ಬಿಸಿಯೂ ಆಗುವುದಿಲ್ಲ.

"ಮೇಷ್ಟ್ರೇ, ಇನ್ನು ಮನೆಮನೆಯಲ್ಲೂ ಇದೇ. ನಿಮ್ಮ ಗಾಜಿನ ಬುರುಡೆಗಳೆಲ್ಲ ಮ್ಯೂಸಿಯಮ್ಮಿಗೆ."

"ಬಿಸಿ ಇಲ್ಲದ್ದು ಹೆಣ ಕಣ್ರೀ. ಹೆಣ ಎಲ್ಲಾದರೂ ಹಾಡುತ್ತಾ?"

ಮೊರಿಯೊಕಾ ಊರಿನಲ್ಲಿ ಕುಮಗಾಯಿ ಕೈಯಾರೆ ಕಟ್ಟಿದ, ಗಾಜಿನ ಬುರುಡೆಯ ವಾಲ್ವುಗಳು ಕಾದು ಉರಿಯುವ ಆಂಪ್ಲಿಫೈಯರುಗಳು ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಹಾಡುತ್ತಿದ್ದವು. ಯಜಮಾನರು ಸತ್ತಂತೆಲ್ಲ ಮಕ್ಕಳು ಅವನ್ನು ಗುಜರಿಗೆ ಹಾಕಿದರು. ಉಳಿದದ್ದು ತೊಯೊಕೊಳ ಈ ಕಾಫಿ ಅಂಗಡಿಯದೊಂದೇ. ಸೊಂಟ ಮುರಿದುಕೊಂಡು ವರ್ಷವಿಡೀ ಮಲಗಿದ್ದ ಮುದುಕ, ಅದರ ದನಿ ಕೇಳದೆ ಸಾಯಬಾರದೆಂದು ಇವತ್ತು ಹಿಮದಲ್ಲಿ ಊರುಗೋಲು ಊರಿಕೊಂಡು ಬಂದಿದ್ದ.

ತೊಯೊಕೊ ರೆಕಾರ್ಡು ಹಾಕಿದಳು. ಹಾಡುವಾಗ ಯಾರೂ ಮಾತಾಡಬಾರದೆಂಬುದು ಅಲ್ಲಿಯ ಕಟ್ಟಳೆ. ಸ್ಯಾಕ್ಸೊಫೋನು ಉಸಿರೆಳೆದುಕೊಂಡಿತು. ಕಟ್ಟಳೆ ಮುರಿದವನು ಕುಮಗಾಯಿಯೇ.

"ಕೇಳ್ರೀ ಡಾಕ್ಟ್ರೇ! ಊದೋನ ಉಸಿರು ಕೇಳಿಸ್ತಾ? ಇದು ನನ್ನ ಕೈ. ನಿಮ್ಮ ಡಬ್ಬಿ ಏಳು ಜನ್ಮ ಎತ್ತಿ ಬಂದರೂ ಆಗಲ್ಲ."

"ಸೋತೆ ಮೇಷ್ಟ್ರೇ," ಓನೊದೆರಾ ತಲೆ ಬಾಗಿಸಿದ. "ಈ ದನಿಯೇ ಬೇರೆ."

ತೊಯೊಕೊ ಒರೆಸಿದ ಬಟ್ಟಲನ್ನೇ ಮತ್ತೆ ಒರೆಸುತ್ತಿದ್ದಳು.

ಚಳಿಗಾಲದಲ್ಲಿ ಆಂಪ್ಲಿಫೈಯರು ಇಟ್ಟಿದ್ದ ಕಪಾಟಿನ ಹತ್ತಿರ ಹೋಗಿ ವಾಲ್ವುಗಳ ಮೇಲೆ ಕೈ ಕಾಯಿಸಿಕೊಳ್ಳುವುದು ಆ ಅಂಗಡಿಯ ಗಿರಾಕಿಗಳ ಹಳೆಯ ರೂಢಿ. ಕುಮಗಾಯಿ ಎದ್ದ.

"ಬೇಡಿ, ಕೂತ್ಕೊಳ್ಳಿ! ಕಾಫಿ ಅಲ್ಲಿಗೇ ತರ್ತೀನಿ," ಎಂದಳು ತೊಯೊಕೊ.

"ನನ್ನ ಮಗೂನ ನಾನು ಮುಟ್ಟಬಾರದೇನಮ್ಮ?"

ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಅವನು ಗಾಜಿಗೆ ತಾಗುವಷ್ಟು ಹತ್ತಿರ ಅಂಗೈ ಚಾಚಿದ. ಉಗುರುಬೆಚ್ಚಗಿತ್ತು. ಹಾಡುವ ವಾಲ್ವಿಗೆ ಇಷ್ಟು ಹತ್ತಿರ ಕೈ ಹಿಡಿದರೆ ಸುಡಬೇಕು. ಬಗ್ಗಿ ನೋಡಿದ. ಸ್ಪೀಕರಿನ ತಂತಿ ಅವನು ಕಟ್ಟಿದ ಪೆಟ್ಟಿಗೆಗೆ ಬಂದಿರಲಿಲ್ಲ. ಕಪಾಟಿನ ಹಿಂದೆ ಇಳಿದು, ರೆಕಾರ್ಡುಗಳ ಮರೆಯಲ್ಲಿದ್ದ ಅಂಗೈಯಗಲದ ಕಪ್ಪು ಡಬ್ಬಿಗೆ ಹೋಗಿತ್ತು.

ತೊಯೊಕೊ ಪಕ್ಕಕ್ಕೆ ಬಂದು ನಿಂತಳು. "ನೀವು ಆಸ್ಪತ್ರೆಯಲ್ಲಿದ್ದಾಗ ದನಿ ನಿಂತುಹೋಯ್ತು," ಪಿಸುಗುಟ್ಟಿದಳು. "ರಿಪೇರಿ ಮಾಡೋರು ಸಿಗಲಿಲ್ಲ. ಬುರುಡೆ ಮಾತ್ರ ಉರೀತಿತ್ತು, ಹಾಗೇ ಬಿಟ್ಟೆ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ."

"ಗಿರಾಕಿಗಳಿಗೆ ಗೊತ್ತಾಗಲಿಲ್ವಾ?"

ಅವಳು ತಲೆ ತಗ್ಗಿಸಿದಳು. "ಒಬ್ಬರಿಗೂ ಇಲ್ಲ."

ಹಿಂದಿನಿಂದ ಓನೊದೆರಾ ಕೂಗಿದ. "ಏನ್ ಮೇಷ್ಟ್ರೇ, ಬೆಚ್ಚಗಿದೆಯಾ ಮಗು?"

ಕುಮಗಾಯಿ ತಿರುಗಲಿಲ್ಲ. ಸ್ಯಾಕ್ಸೊಫೋನು ಇನ್ನೂ ಉಸಿರಾಡುತ್ತಿತ್ತು.

"ಸುಡ್ತಿದೆ," ಎಂದ. ಚಟ್ಟನೆ ಕೈ ಹಿಂದಕ್ಕೆಳೆದುಕೊಂಡು, ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಳ್ಳತೊಡಗಿದ.