ಐದು ಸಲ ಹೇಳಿಸಿದ ಮೈಕು

ನಾನು ಒಂದು ಮೈಕು. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ಕೂದಲೆಳೆಯಂಥ ತಂತಿ ಸುತ್ತಿ, ಈರುಳ್ಳಿ ಸಿಪ್ಪೆಯಷ್ಟು ತೆಳು ಪೊರೆ ಅಂಟಿಸಿ, ತಲೆಗೊಂದು ಜಾಲರಿ ತೊಡಿಸಿದರು. ಯಾರಾದರೂ ಮಾತಾಡಿದರೆ ಆ ಪೊರೆ ನಡುಗುತ್ತದೆ.

ಮೊದಲ ಎರಡು ವರ್ಷ ಗದಗಿನ ಒಂದು ಸೌಂಡ್ ಸಿಸ್ಟಮ್ ಅಂಗಡಿಯಲ್ಲಿದ್ದೆ. ಮದುವೆ, ನಾಮಕರಣ, ಕಬಡ್ಡಿ ಪಂದ್ಯ. ಎಲೆಅಡಿಕೆ ತುಂಬಿದ ಬಾಯಿಗಳು ನನ್ನ ಮುಖಕ್ಕೆ ಉಗುಳು ಸಿಡಿಸುತ್ತಿದ್ದವು. ಅದು ಒರೆಸಿದರೆ ಹೋಗುವ ಹೊಲಸು.

ಆಮೇಲೆ ಅಂಗಡಿಯವನು ನನ್ನನ್ನು ಒಂದು ತರಬೇತಿ ಸಂಸ್ಥೆಗೆ ಮಾರಿದ. ಅಪಘಾತ, ಸಾವು, ಹೊಡೆತ ಕಂಡು ಬೆದರಿದ ಮಕ್ಕಳ ಜೊತೆ ಹೇಗಿರಬೇಕೆಂದು ಶಿಕ್ಷಕರಿಗೆ, ನರ್ಸುಗಳಿಗೆ, ಪೊಲೀಸರಿಗೆ ಅಲ್ಲಿ ಕಲಿಸುತ್ತಿದ್ದರು. ಒಳ್ಳೆಯ ಮನೆ ಸೇರಿದೆ ಅಂದುಕೊಂಡೆ. ಕಲಿಸುವವರು ಉಮಾಕಾಂತ ಸರ್. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಏಲಕ್ಕಿ ವಾಸನೆ. 'ಮಗುವಿಗೆ ಒತ್ತಾಯ ಮಾಡಬೇಡಿ' ಎಂದು ಬೆಳಿಗ್ಗೆಯೆಲ್ಲ ಹೇಳುತ್ತಿದ್ದರು.

ಮೊದಲ ತಂಡದ ಎರಡನೇ ದಿನ, ಊಟದ ನಂತರ, ಭಾಗ್ಯಶ್ರೀಯನ್ನು ಕರೆತಂದರು. ಬಾಲಮಂದಿರದ ಹುಡುಗಿ, ಒಂಬತ್ತು ವರ್ಷ. ಹತ್ತಿ ಬಿಡಿಸಲು ಹೊರಟಿದ್ದ ಟಂಟಂ ಗಾಡಿ ಉರುಳಿ ಅವಳ ತಾಯಿ ಸತ್ತಿದ್ದಳು. ಮಗು ತಾಯಿಯ ಪಕ್ಕದಲ್ಲೇ ಸಿಕ್ಕಿಕೊಂಡಿತ್ತು.

'ಏನಾತು, ಎಲ್ಲಾರಿಗೂ ಹೇಳವ್ವ,' ಎಂದು ಸರ್ ನನ್ನನ್ನು ಅವಳ ಬಾಯಿಗೆ ಹಿಡಿದರು.

ಮೊದಲು ಬರೀ ಉಸಿರು ಬಂತು. ಆಮೇಲೆ, 'ಅವ್ವನ ಕೈ ಬೆಚ್ಚಗಿತ್ತು. ಆಮ್ಯಾಲೆ ತಣ್ಣಗಾತು.'

ಅದನ್ನು ಸಭಾಂಗಣದ ಮೂಲೆಮೂಲೆಗೂ ಒಯ್ದದ್ದು ನಾನೇ. ಹೆಂಗಸರು ಅತ್ತರು, ಗಂಡಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸರ್ ಚಪ್ಪಾಳೆ ಹೊಡೆಸಿ ಮಗುವಿಗೊಂದು ಚಾಕಲೇಟು ಕೊಟ್ಟರು.

ಎರಡನೇ ತಂಡಕ್ಕೂ ಅವಳು ಬಂದಳು, ಮೂರನೆಯದಕ್ಕೂ. ನಾಲ್ಕನೆಯದರ ಹೊತ್ತಿಗೆ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ಯಾರೂ ಅಳಲಿಲ್ಲ. ಸರ್‌ಗೆ ಅದು ಹಿಡಿಸಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, 'ತಣ್ಣಗಾತು ಅಂದ ಮ್ಯಾಲೆ ಸ್ವಲ್ಪ ನಿಂದರಬೇಕವ್ವ. ಒಮ್ಮಿಗೇ ಓಡಬಾರದು,' ಎಂದರು. ಆ ಏಲಕ್ಕಿ ವಾಸನೆ ನನ್ನ ಜಾಲರಿಯಲ್ಲಿ ಕೊಳೆತು ನಾರಿತು.

ಐದನೇ ತಂಡದಲ್ಲಿ, ಸಮವಸ್ತ್ರವಿಲ್ಲದೆ ಚೂಡಿದಾರದಲ್ಲಿ ಬಂದಿದ್ದ ನಸೀಮಾ ಎಂಬ ಕಾನ್‌ಸ್ಟೆಬಲ್ ಇದ್ದರು. ಅಂದು ಭಾಗ್ಯಶ್ರೀ ನನ್ನನ್ನು ಮುಷ್ಟಿಯಲ್ಲಿ ಹಿಡಿದು, 'ತಣ್ಣಗಾತು' ಅಂದ ಮೇಲೆ ಹೇಳಿಕೊಟ್ಟಂತೆಯೇ ನಿಂತಳು. ನಿಂತಲ್ಲೇ ಅವಳ ಲಂಗ ಒದ್ದೆಯಾಯಿತು. ಕಾಲಗುಂಟ ಇಳಿದ ಉಚ್ಚೆ ವೇದಿಕೆಯ ಮೇಲೆ ಹರಿಯಿತು.

'ನೋಡಿ, ಆಘಾತದ ಲಕ್ಷಣ ಅಂದ್ರೆ ಇದೇ. ಬರಕೊಳ್ರಿ,' ಎಂದ ಉಮಾಕಾಂತ. ಅಂದಿನಿಂದ ನಾನು ಅವನಿಗೆ ಬಹುವಚನ ಕೊಟ್ಟಿಲ್ಲ.

ನಲವತ್ತು ಪೆನ್ನುಗಳು ಬರೆದುಕೊಂಡವು. ನಸೀಮಾ ಮಾತ್ರ ಎದ್ದು ಬಂದರು. ತಮ್ಮ ದುಪಟ್ಟಾ ತೆಗೆದು ಮಗುವಿನ ಸೊಂಟಕ್ಕೆ ಸುತ್ತಿ, ಅದರ ಮುಷ್ಟಿಯಿಂದ ನನ್ನನ್ನು ಬಿಡಿಸಿದರು.

'ಮೇಡಂ, ಕ್ಲಾಸ್ ನಡದೈತಿ.'

'ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಇನ್ನ ಎಷ್ಟು ಸಲ ಸಾಯಸ್ತೀರಿ ಆಕಿ ಅವ್ವನ್ನ?'

ನಾನಿನ್ನೂ ಅವರ ಕೈಯಲ್ಲಿದ್ದೆ. ಆ ಮಾತನ್ನು ಇಡೀ ಸಭಾಂಗಣಕ್ಕೆ ಕೇಳಿಸಿದೆ. ನಾನು ಹೆಮ್ಮೆಯಿಂದ ಹೊತ್ತ ಮಾತು ಅದೊಂದೇ.

ನನ್ನನ್ನು ಮೇಜಿನ ಮೇಲಿಟ್ಟು ಅವರು ಮಗುವನ್ನು ಕಿಟಕಿಯಾಚೆಯ ನಲ್ಲಿಗೆ ಕರೆದೊಯ್ದು ಕಾಲು ತೊಳೆದರು. ಏನನ್ನೂ ಕೇಳಲಿಲ್ಲ. ಭಾಗ್ಯಶ್ರೀಯೇ, 'ಅಕ್ಕಾ, ನಾಳೆನೂ ಹೇಳಬೇಕೇನ?' ಅಂದದ್ದು ಕೇಳಿಸಿತು.

'ಬ್ಯಾಡವ್ವ. ಯಾರಿಗೂ ಹೇಳಬ್ಯಾಡ.'

ನಸೀಮಾ ಮಕ್ಕಳ ಕಲ್ಯಾಣ ಸಮಿತಿಗೆ ದೂರು ಕೊಟ್ಟರು. ಅವರ ತರಬೇತಿ ಪ್ರಮಾಣಪತ್ರವನ್ನು ಉಮಾಕಾಂತ ತಡೆಹಿಡಿದ. ಆದರೆ ಮಗುವನ್ನು ಮತ್ತೆ ಕರೆತರಲು ಅವನಿಗಾಗಲಿಲ್ಲ. ಆರನೇ ತಂಡಕ್ಕೆ ತನ್ನ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ. ಹಿಂದೆಯೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಅವಳ ದನಿ, ಹೇಳಿಕೊಟ್ಟ ಜಾಗದಲ್ಲಿ ನಿಂತದ್ದೂ ಸೇರಿ.

ಕೆಲವು ತಿಂಗಳ ನಂತರ ಯಾರದೋ ಕೈಜಾರಿ ನೆಲಕ್ಕೆ ಬಿದ್ದೆ. ನನ್ನ ದನಿ ನಿಂತುಹೋಯಿತು. ಈಗ ಹಳೆಯ ಬ್ಯಾನರುಗಳ ರಟ್ಟಿನ ಪೆಟ್ಟಿಗೆಯಲ್ಲಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಗೋಡೆಯಾಚೆ ಹೊಸ ಮೈಕಿನಲ್ಲಿ ಆ ಮಗುವಿನ ದನಿ ಬರುತ್ತದೆ. ಹಿಂದೆಯೇ ಚಪ್ಪಾಳೆ. ಭಾಗ್ಯಶ್ರೀ ಎಲ್ಲಿದ್ದರೂ ಇದು ಅವಳ ಕಿವಿಗೆ ಬೀಳದಿರಲಿ.

ನನ್ನ ಮೇಲೆ ನನಗೇ ಹೇಸಿಗೆ. ನಾನು ಕೆಟ್ಟದ್ದು ತಡವಾಯಿತು. ಮೊದಲ ದಿನವೇ ಕೆಡಬೇಕಿತ್ತು.