ಫೋಕಸ್ಸಿಗೆ ಸಿಗದ ಭಾವಮೈದ

ನನ್ನ ಭಾವಮೈದ ಮಸುಕಾದದ್ದು ಒಂದು ಭಾನುವಾರ ಬೆಳಿಗ್ಗೆ, ಸುಮಾರು ಹತ್ತೂವರೆಗೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಮೂರು ವಾರ ವಾದಿಸಿದೆ. ಈಗ ಹಾಗೆನ್ನುವುದಿಲ್ಲ.

ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಪಾಚಿ ಹಿಡಿದ ಗಾಜಿನ ಹಿಂದಿರುವ ಅಂಕಿಯನ್ನೂ ಒಂದೇ ನೋಟಕ್ಕೆ ಓದಬಲ್ಲೆ. ನೋಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಭದಲ್ಲೇ ನಲವತ್ತನಾಲ್ಕನೇ ವಯಸ್ಸಿಗೆ ಕ್ಯಾಮೆರಾ ಕೊಂಡೆ. ಬೇಕರಿಯ ಮಹಡಿಯ ಮೇಲೆ ಶನಿವಾರ ಮಧ್ಯಾಹ್ನ ನಡೆಯುವ ಡಿಜಿಟಲ್ ಫೋಟೋಗ್ರಫಿ ತರಗತಿಗೂ ಸೇರಿದೆ. ಮೇಷ್ಟ್ರು ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದವರು. ಯಾರು ಎದುರಿಗೆ ಬಂದರೂ ನಮಸ್ಕಾರಕ್ಕೆ ಮೊದಲು "ಗದ್ದ ಸ್ವಲ್ಪ ಕೆಳಗೆ" ಎನ್ನುತ್ತಿದ್ದರು.

ಮೊದಲ ಪಾಠ ಅಪರ್ಚರ್. "ಲೆನ್ಸಿನೊಳಗೆ ಒಂದು ಕಿಂಡಿ ಇದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಂಡಿ ದೊಡ್ಡದಾದಷ್ಟೂ ಹಿಂದಿನದು ಮಸುಕು. ನಿಮಗೆ ಏನು ಬೇಡವೋ ಅದು ಹಿಂದಿರಲಿ, ಅಂಕಿ ಒಂದು ಪಾಯಿಂಟ್ ಎಂಟಕ್ಕಿಡಿ," ಎಂದರು.

ಮರುದಿನವೇ ಹೆಂಡತಿಯನ್ನು ಹಜಾರದಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ಅವಳ ಹಿಂದೆ, ಬೀರುವಿನ ಪಕ್ಕ, ಅವಳ ತಮ್ಮ ನಿಂತಿದ್ದ. ಕೆಲಸ ಸಿಗುವವರೆಗೆ ಎಂದು ನಮ್ಮ ಮನೆಗೆ ಬಂದವನು. ಬಂದು ಆರು ವರ್ಷ, ಕೆಲಸ ಸಿಕ್ಕಿ ಐದು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಕನ್ನಡಕ ಕೂರಿಸಿ ನೋಡುವುದು ಅವನ ಕೆಲಸ. ದಿನಾ ಬೆಳಿಗ್ಗೆ ನನಗಿಂತ ಮೊದಲು ಬಚ್ಚಲು ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಪೇಪರನ್ನು ನನಗಿಂತ ಮೊದಲು ಓದಿ, ಮಡಿಕೆ ತಪ್ಪಿಸಿ ಇಡುತ್ತಿದ್ದ. ನೆನೆದರೆ ಈಗಲೂ ಸ್ವಲ್ಪ ಮೈ ಉರಿಯುತ್ತದೆ.

ಗುಂಡಿ ಒತ್ತಿದೆ. ಫೋಟೋ ಅದ್ಭುತವಾಗಿ ಬಂತು. ಹೆಂಡತಿಯ ರೆಪ್ಪೆಗೂದಲು ಒಂದೊಂದೂ ಎಣಿಸುವ ಹಾಗಿತ್ತು. ಹಿಂದೆ ಭಾವಮೈದ ಮೆತ್ತಗೆ, ಚೆಂದವಾಗಿ ಕರಗಿಹೋಗಿದ್ದ. ಖುಷಿಯಿಂದ ತಲೆಯೆತ್ತಿದೆ. ಬೀರುವಿನ ಪಕ್ಕದಲ್ಲೂ ಅವನು ಹಾಗೇ ನಿಂತಿದ್ದ. ಮುಖದ ಜಾಗದಲ್ಲಿ ಗೋಧಿ ಬಣ್ಣದ ಒಂದು ಮಬ್ಬು, ಅದರ ಮೇಲೆ ಕಪ್ಪು ಮಬ್ಬು.

ಹೆಂಡತಿ ತಿರುಗಿ ನೋಡಿದವಳೇ ಕಿರುಚಿದಳು. "ರೀ! ನನ್ನ ತಮ್ಮನಿಗೆ ಏನ್ ಮಾಡಿದ್ರಿ?"

"ಏನೂ ಇಲ್ವೇ. ಬ್ಯಾಕ್‌ಗ್ರೌಂಡ್ ಸ್ವಲ್ಪ ಬ್ಲರ್ ಮಾಡಿದೆ."

"ಅವನು ಬ್ಯಾಕ್‌ಗ್ರೌಂಡ್ ಏನ್ರೀ?"

ನಾನು ಲೆನ್ಸಿಗೆ ಮುಚ್ಚಳ ಹಾಕಿದೆ.

ಕಣ್ಣಿನ ಡಾಕ್ಟರ ಬಳಿ ಹೋದೆವು. ಭಾವಮೈದ ಬೋರ್ಡಿನ ಕೊನೆಯ ಸಾಲನ್ನೂ ಪಟಪಟನೆ ಓದಿಬಿಟ್ಟ. ಡಾಕ್ಟರು ಅವನನ್ನು ನೋಡಿದರು, ತಮ್ಮ ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು. ಕೊನೆಗೆ ಅವನನ್ನು ಬಿಟ್ಟು ನನಗೂ ಹೆಂಡತಿಗೂ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಒಂದು ಬಾಟಲು ತಮಗೂ ಇಟ್ಟುಕೊಂಡರು.

ನಿಜವಾದ ಫಜೀತಿ ಶುರುವಾದದ್ದು ಅಂಗಡಿಯಲ್ಲಿ. ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಮೊದಲು ನೋಡುವುದು ಎದುರಿಗೆ ನಿಂತವನ ಮುಖವನ್ನೇ ತಾನೆ. "ಏನ್ರೀ ಇದು, ಎಲ್ಲಾ ಮಸುಕು!" ಎಂದು ಕಳಚಿಟ್ಟು ಎದ್ದುಹೋಗುತ್ತಿದ್ದರು. ಒಬ್ಬಾಕೆ ಹದಿನಾರು ಜೊತೆ ಹಾಕಿ ನೋಡಿ, ತನಗೆ ಕಣ್ಣೇ ಹೋಯಿತೆಂದು ಅಲ್ಲೇ ಅತ್ತುಬಿಟ್ಟಳಂತೆ. ಮಾಲೀಕ ಎರಡು ವಾರ ಹಲ್ಲು ಕಚ್ಚಿಕೊಂಡು ಸಹಿಸಿದ. ಆಮೇಲೆ, ಮುಂದಿನ ಸೋಮವಾರದ ಹೊತ್ತಿಗೆ ಮುಖ ಇಲ್ಲದಿದ್ದರೆ ಕೆಲಸವೂ ಇಲ್ಲ ಎಂದ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಪ್ರತಿ ಬ್ಯಾಚಲ್ಲೂ ಯಾರಾದ್ರೂ ಒಬ್ಬರನ್ನ ಹೀಗೆ ಮಾಡ್ಕೊಂಡು ಬರ್ತಾರೆ. ಹೋದ ಸಲ ಒಬ್ಬರು ತಮ್ಮ ಅತ್ತೇನ ಮಸುಕು ಮಾಡಿದ್ರು. ಸರಿ ಮಾಡೋಕೆ ಹೇಳ್ಕೊಡ್ತೀನಿ ಬನ್ನಿ ಅಂದೆ, ಆಮೇಲೆ ಕ್ಲಾಸಿಗೇ ಬರಲಿಲ್ಲ." ನಂತರ ನನ್ನ ಗದ್ದ ನೋಡುತ್ತ ಗಂಭೀರವಾಗಿ ಹೇಳಿದರು: "ಕೆಡಿಸಿದ ಕೈನೇ ಸರಿ ಮಾಡಬೇಕು. ನಾನು ತೆಗೆದ್ರೆ ಆಗಲ್ಲ. ಪಾಠ ಪೂರ್ತಿ ಕಲೀರಿ."

ಎರಡನೆಯ ಪಾಠ ಶಟರ್ ವೇಗ. ಹಜಾರದಲ್ಲಿ ಬೆಳಕು ಸಾಲದೆ ಶಟರನ್ನು ಎರಡು ಸೆಕೆಂಡು ತೆರೆದಿಟ್ಟು, "ಅಲ್ಲಾಡಬೇಡ" ಎಂದೆ. ಪಾಪ, ಆಗಲೇ ಅವನಿಗೆ ಸೀನು ಬಂತು. ಅಂದಿನಿಂದ ಅವನು ಮಸುಕಾಗಿದ್ದುದಲ್ಲದೆ ಅಡ್ಡಕ್ಕೆ ಎಳೆದುಕೊಂಡೂ ಇದ್ದ. ಊಟಕ್ಕೆ ಬಂದರೆ ಮೊದಲು ಬಲಭಾಗ ಬಂದು ಕೂರುತ್ತಿತ್ತು, ಪಲ್ಯ ಬಡಿಸುವ ಹೊತ್ತಿಗೆ ಎಡಭಾಗ. ಗಾಬರಿಯಾಗಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಟ್ಟು ಇನ್ನೊಂದು ತೆಗೆದೆ. ಎಳೆತವೇನೋ ನಿಂತಿತು. ಆದರೆ ಅವನು ನಡೆಯುತ್ತಿದ್ದಾಗ ತೆಗೆದದ್ದರಿಂದ ಇಡೀ ಮಂಗಳವಾರ ಒಂದು ಕಾಲು ಎತ್ತಿಕೊಂಡೇ ಇದ್ದ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ನಾನು ತಿದ್ದಲು ಹೋದಾಗ ಅವನು ಎರಡು ದಿನ ನೀಲಿಯಾದದ್ದನ್ನು ಇಲ್ಲಿ ವಿವರಿಸುವುದಿಲ್ಲ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಅವನು ಮಾತ್ರ "ಕಲಿಯುವಾಗ ಹಾಗೇ ಭಾವ," ಎಂದು ಆ ಮಬ್ಬಿನೊಳಗಿನಿಂದ ನನಗೇ ಸಮಾಧಾನ ಹೇಳುತ್ತಿದ್ದ. ಅದು ನನ್ನ ಪಿತ್ತವನ್ನು ಇನ್ನಷ್ಟು ಕೆರಳಿಸುತ್ತಿತ್ತು.

ಕೊನೆಯ ಪಾಠ ಬೆಳಕು. ಗಡುವಿಗೆ ಎರಡೇ ದಿನ ಉಳಿದಿತ್ತು. ಮೇಷ್ಟ್ರು ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬನ್ನು ಕೈಯಲ್ಲಿ ಹಿಡಿದು ತಮ್ಮ ಮುಖದ ಸುತ್ತ ತಿರುಗಿಸಿ ತೋರಿಸಿದರು. "ಎದುರಿಂದ ಬಿಟ್ರೆ ಮುಖ ಚಪ್ಪಟೆ. ಪಕ್ಕದಿಂದ ಬರಲಿ. ನೆರಳಿಗೆ ಹೆದರಬೇಡಿ, ನೆರಳು ಬಿದ್ರೇನೇ ಮೂಗು ಎಲ್ಲಿದೆ ಅಂತ ಗೊತ್ತಾಗೋದು. ಆಟೋಫೋಕಸ್ ಅವನನ್ನ ಹಿಡಿಯಲ್ಲ. ಲೆನ್ಸಿನ ರಿಂಗ್ ಕೈಯಲ್ಲೇ ತಿರುಗಿಸಿ. ಕಣ್ಣಿನ ಮೇಲೆ ಫೋಕಸ್ ಮಾಡಿ. ಬಂದಿರೋದು ಅವನ ಮುಖ ಹೌದೋ ಅಲ್ವೋ ಅನ್ನೋದು ಕ್ಯಾಮೆರಾಗೆ ಗೊತ್ತಿರಲ್ಲ. ನಿಮಗೆ ಗೊತ್ತಿರಬೇಕು."

ಭಾನುವಾರ ಬೆಳಿಗ್ಗೆ ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದೆ. ಬಿಸಿಲು ಅದರಲ್ಲಿ ಸೋಸಿಕೊಂಡು ಮೆತ್ತಗೆ ಒಳಬಂತು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಭಾವಮೈದ ಕೂತ. ಇನ್ನೊಂದು ಮಗ್ಗುಲಲ್ಲಿ ಹೆಂಡತಿ ಬೆಳಕು ಮರಳಿ ಬೀಳುವಂತೆ ಥರ್ಮೋಕೋಲ್ ಹಲಗೆ ಹಿಡಿದು, ತುಟಿ ಬಿಗಿದುಕೊಂಡು ನಿಂತಳು. ನಾನು ಕಣ್ಣಿಟ್ಟು ರಿಂಗ್ ತಿರುಗಿಸತೊಡಗಿದೆ. ಮಬ್ಬು ಗಟ್ಟಿಯಾಗುತ್ತ ಬಂತು. ಗದ್ದ ಮೂಡಿತು. ದಪ್ಪ ಮೀಸೆ ಮೂಡಿತು.

"ಬಂದ!" ಎಂದು ಕೂಗಿದೆ.

ಹೆಂಡತಿ ಬಗ್ಗಿ ನೋಡಿದಳು. "ಅದು ಹಾಲಿನವನ ಮುಖ."

ಹೌದು, ಹಾಲಿನವನೇ. ಕೂದಲೆಳೆಯಷ್ಟು ಆಚೆ ತಿರುಗಿಸಿದೆ. ನಮ್ಮ ಆಫೀಸಿನ ಸೂಪರ್‌ವೈಸರ್ ಬಂದರು. ಸ್ಟೂಲಿನ ಮೇಲೆ ಕೂತು ನನ್ನನ್ನು ಎಂದಿನ ಅನುಮಾನದಿಂದಲೇ ನೋಡಿದರು. ತಕ್ಷಣ ಈಚೆ ತಿರುಗಿಸಿದೆ. ಬಸ್ ಕಂಡಕ್ಟರ್ ಬಂದ, ಬೇಕರಿಯವನು ಬಂದ, ಮೂಲೆಮನೆಯ ವಕೀಲರೂ ಬಂದುಹೋದರು. ನಾನು ಬೀದಿಯಲ್ಲಿ ನೋಡಿದವರೆಲ್ಲ ಅವನ ಕುತ್ತಿಗೆಯ ಮೇಲೆ ಸರದಿಯಲ್ಲಿ ಬಂದರು, ಅವನೊಬ್ಬ ಬರಲಿಲ್ಲ. ಬೆವರು ಇಳಿಯತೊಡಗಿತು.

"ಲೇ," ಎಂದೆ ಹೆಂಡತಿಗೆ, ಮೆಲ್ಲಗೆ. "ಅವನಿಗೆ ಮೀಸೆ ಇದೆಯಾ?"

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಆರು ವರ್ಷ ಎದುರುಬದುರು ಕೂತು ಉಂಡಿದ್ದೀರಿ," ಎಂದಷ್ಟೇ ಹೇಳಿ, ಹಲಗೆಯನ್ನು ಕುರ್ಚಿಗೆ ಒರಗಿಸಿ ಅಡುಗೆಮನೆಗೆ ಹೋಗಿಬಿಟ್ಟಳು. ನನಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಹಜಾರದಲ್ಲಿ ನಾವಿಬ್ಬರೇ ಉಳಿದೆವು. ಅವನ ಮುಖ ಮತ್ತೆ ಮಬ್ಬಾಗಿತ್ತು. ಕ್ಯಾಮೆರಾದಿಂದ ಕಣ್ಣು ತೆಗೆದು ಹೇಳಿದೆ, "ಅವತ್ತು ನೀನು ಫ್ರೇಮಿನಲ್ಲಿರೋದು ನನಗೆ ಕಂಡಿತ್ತು ಕಣೋ. ಸರಿದುಕೋ ಅನ್ನಬಹುದಿತ್ತು. ಅನ್ನಲಿಲ್ಲ. ಬೇಕಂತಲೇ ಒಂದು ಪಾಯಿಂಟ್ ಎಂಟಕ್ಕಿಟ್ಟೆ."

"ಗೊತ್ತು ಭಾವ. ನೀವು ಡಯಲ್ ತಿರುಗಿಸೋದು ಕಾಣಿಸ್ತಿತ್ತು."

"ಮತ್ತೆ ಯಾಕೋ ಅಲ್ಲೇ ನಿಂತೆ?"

ಅವನು ಕಾಲರ್ ಸರಿಮಾಡಿಕೊಂಡ. "ಹೊಸ ಕ್ಯಾಮೆರಾ ಅಲ್ವಾ, ನೀನೂ ಬಾರೋ ಅಂತ ಕರೀತೀರೇನೋ ಅಂದ್ಕೊಂಡೆ. ಅದಕ್ಕೇ ಶರ್ಟು ಇಸ್ತ್ರಿ ಮಾಡ್ಕೊಂಡು ಬಂದು ನಿಂತಿದ್ದೆ."

ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಈ ಸಲ ಯಾರ ಮುಖವನ್ನೂ ನೆನೆಸಿಕೊಳ್ಳಲಿಲ್ಲ, ಯಾವ ಅವಸರವನ್ನೂ ಪಡಲಿಲ್ಲ. ಬೆಳಕು ಬೀಳುತ್ತಿದ್ದ ಕಡೆ ನೋಡಿದೆ, ನೆರಳು ಬಿದ್ದ ಕಡೆ ನೋಡಿದೆ. ರಿಂಗ್ ನಿಧಾನವಾಗಿ ತಿರುಗಿತು. ಮೂಗಿನ ಅಂಚು ಬಂತು. ಮೀಸೆ ಇರಲಿಲ್ಲ. ನನ್ನ ಹೆಂಡತಿಯದೇ ಹುಬ್ಬು. ಎಡಗಡೆಯದು ಒಂದಿಷ್ಟು ಮೇಲೆ. ಈ ವಯಸ್ಸಿಗೇ ಕಿವಿಯ ಮೇಲೆ ನರೆ. ಕಣ್ಣು ನೇರ ನನ್ನ ಕಡೆಗಿತ್ತು.

ಅವನು ನಗುತ್ತಿದ್ದ. ಮಾತಿಗೆ ನಕ್ಕ ನಗೆ ಅಲ್ಲ, ಫೋಟೋಕ್ಕೆಂದು ಜನ ತುಟಿಯ ಮೇಲೆ ತಂದುಕೊಳ್ಳುತ್ತಾರಲ್ಲ, ಅದು.

"ಯಾಕೋ ನಗ್ತಿದ್ದೀಯ?" ಎಂದೆ.

"ಅವತ್ತಿಂದ ಹೀಗೇ ಇದ್ದೀನಿ ಭಾವ. ಊಟ ಮಾಡೋವಾಗ ಬಿಟ್ಟು ಮಿಕ್ಕ ಹೊತ್ತೆಲ್ಲ. ನೀವು ಯಾವಾಗ ತೆಗೀತೀರೋ ಗೊತ್ತಾಗಲ್ವಲ್ಲ. ಬೇಗ ತೆಗೀರಿ, ದವಡೆ ನೋಯ್ತಿದೆ."

ಗುಂಡಿ ಒತ್ತಿದೆ. ಕ್ಯಾಮೆರಾ ಕೆಳಗಿಟ್ಟೆ. ಅವನು ನನ್ನೆದುರಿಗೆ ಕೂದಲು ಕೂದಲಾಗಿ ಸ್ಪಷ್ಟವಾಗಿ ಕೂತಿದ್ದ.

"ಆಯ್ತಪ್ಪ," ಎಂದೆ. "ಸಾಕು, ಆ ನಗು ಇಳಿಸು."