ನೀಲಿ ಪಟ್ಟಿಯ ಕೆಳಗೆ

"ನನ್ನ ಹೆಸರನ್ನ ಎಲ್ಲಿ ನುಂಗಿಬಿಟ್ಟೆ, ಹುಡುಗಿ?"

ಫೋನಿನ ಆಚೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಯೆಲಂಗಿಗೆ ಭಯವಾದದ್ದು ಅದಕ್ಕೇ. ಬೆಳಗಿನ ಸಾವಿನ ಪ್ರಕಟಣೆಗಳನ್ನು ಓದಿ ಮುಗಿಸಿ, ಮೈಕಿನ ಮೇಲಿನ ಕೆಂಪು ದೀಪ ಆರಿ, ಅವಳಿನ್ನೂ ಕೋಕೋ ಲೋಟಕ್ಕೆ ಕೈ ಚಾಚಿದ್ದಳಷ್ಟೆ.

"ಯಾರು ಮಾತಾಡ್ತಿರೋದು, ಅಜ್ಜಿ?"

"ಫೇನುನುತಿ. ತೀರಿಕೊಂಡಿರೋನು ನಮ್ಮಣ್ಣ. ಅವನ ಹೆಂಡತಿ ಹೆಸರು ಓದಿದೆ, ಮಕ್ಕಳದು ಓದಿದೆ, ಆಕ್ಲೆಂಡಲ್ಲಿರೋ ಮೊಮ್ಮಕ್ಕಳದೂ ಓದಿದೆ. ಒಡಹುಟ್ಟಿದೋಳು ಅಂತ ಉಳಿದಿರೋಳು ನಾನೊಬ್ಬಳು. ನಾನೆಲ್ಲಿ?"

ಅಣ್ಣನ ಸಾವಿನಲ್ಲಿ ತಂಗಿಯನ್ನು ಬಿಟ್ಟುಬಿಡುವುದು ಸವಾಯಿ ದ್ವೀಪದಲ್ಲಿ ಸಣ್ಣ ಮಾತಲ್ಲ. ಅದರ ಮೇಲೆ, ಮೊಯೆಲಂಗಿಯ ಚಿಕ್ಕಪ್ಪನಿಗೂ ಈ ಅಜ್ಜಿಯ ಮಕ್ಕಳಿಗೂ ಒಂದು ತೆಂಗಿನ ತೋಟದ ವಿಷಯಕ್ಕೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು.

"ನಿಮ್ಮ ಚಿಕ್ಕಪ್ಪ ಹೇಳಿಕೊಟ್ನಾ?"

"ಅಯ್ಯೋ ಇಲ್ಲ ಅಜ್ಜಿ, ಕಂಪ್ಯೂಟರ್ ಪರದೆ ಮೇಲಿದ್ದದ್ದನ್ನೇ ಓದಿದೆ."

"ಹಾಗಾದ್ರೆ ಪರದೆಯೂ ನಿಮ್ಮ ಚಿಕ್ಕಪ್ಪನ ಕಡೆ ಅನ್ನು."

ಫೋನು ಕಟ್ಟಾಯಿತು.

ರೇಡಿಯೋ ಕೇಂದ್ರ ನಡೆಸುವ ಲೆಪಾಲೆಯಕ್ಕನ ಕಿವಿಗೆ ವಿಷಯ ಆಗಲೇ ಬಿದ್ದಿತ್ತು. "ಹೋದ ವಾರ ಸಂಜೆ ಹಡಗಿನ ಹೊತ್ತು ಓದೋದು ಬಿಟ್ಟೆ, ಜನ ಬಂದರಿನ ಧಕ್ಕೆ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ರು. ಇವತ್ತು ಸತ್ತೋನ ತಂಗೀನೇ ಬಿಟ್ಟಿದ್ದೀಯ. ನಾಳೆ ಮಣ್ಣು ಮಾಡೋಕೆ ಮುಂಚೆ ಅದೇ ಪ್ರಕಟಣೆ ಇನ್ನೊಂದು ಸಲ ಹೋಗಬೇಕು. ಆಗಲೂ ಹೀಗಾದ್ರೆ ನಿನ್ನ ಕೈಗೆ ಇನ್ನು ಓದೋಕೆ ಕೊಡಲ್ಲ, ತಾಯಿ. ಹಾಡು ಹಾಕ್ಕೊಂಡಿರು."

ಮೊಯೆಲಂಗಿ ಯಂತ್ರಗಳನ್ನು ನೋಡಿಕೊಳ್ಳುವ ರೊಪಾಟಿಯನ್ನು ಕರೆದಳು. ವರಸೆಯಲ್ಲಿ ಅವಳ ದೊಡ್ಡಪ್ಪನ ಮಗ. ಬಾಯಿತುಂಬ ಬನ್ನು ತುಂಬಿಕೊಂಡೇ ಬಂದ ಅವನು ಮೌಸಿನ ಚಕ್ರ ತಿರುಗಿಸಿ ಪ್ರಕಟಣೆಯನ್ನು ತಲೆಯಿಂದ ಬುಡದವರೆಗೆ ಇಳಿಸಿದ.

"ಇಲ್ಲೇ ಇದೆಯಲ್ಲೇ! 'ತಂಗಿ ಫೇನುನುತಿ ಮತ್ತು ಮಕ್ಕಳು.' ಕಲ್ಲು ಕೂತ ಹಾಗೆ ಕೂತಿದೆ. ನೀನು ಓದೋವಾಗ ಎಲ್ಲಿ ನೋಡ್ತಿದ್ದೆ, ಕಿಟಕಿ ಆಚೆ ಮೋಡಾನಾ?"

"ನಾನು ಓದೋವಾಗ ಅದು ಇರಲಿಲ್ಲ ಕಣೋ."

"ಇರಲಿಲ್ಲ, ಈಗ ಬಂತು. ಬೀಡಾಡಿ ಹಂದಿ ಥರ ತಿರುಗಾಡ್ಕೊಂಡು ಬಂತು." ಅವನು ತನ್ನ ಕೋಣೆಯ ಕಂಪ್ಯೂಟರಿನಲ್ಲೂ ನೋಡಿದ, ಫೋನಿನಲ್ಲಿ ಬೆರಳು ಜಾರಿಸಿಯೂ ನೋಡಿದ. ಎಲ್ಲ ಕಡೆಯೂ ಹೆಸರಿತ್ತು. "ಯಂತ್ರ ಸರಿಯಾಗಿದೆ. ರಿಪೇರಿ ಓದೋಳಿಗೇ ಆಗಬೇಕು," ಎಂದು ಬನ್ನಿನ ಪುಡಿ ಕೊಡವಿಕೊಂಡು ಹೋದ.

ಅಳಬೇಕೆನ್ನಿಸಬೇಕಿತ್ತು. ಬದಲಿಗೆ ಮೊಯೆಲಂಗಿಗೆ ಒಳಗೊಳಗೇ ಒಂದು ಕುತೂಹಲ ಕಚಗುಳಿ ಇಡತೊಡಗಿತು. ಇದ್ದ ಹೆಸರು, ಅವಳೊಬ್ಬಳು ನೋಡುವಾಗ ಮಾತ್ರ ಎಲ್ಲಿಗೆ ಹೋಗುತ್ತದೆ? ಚಿಕ್ಕಂದಿನಲ್ಲಿಯೂ ಅವಳು ಹೀಗೇ. ಇಳಿತದ ಹೊತ್ತಿಗೆ ಕಡಲು ಯಾರ ಮನೆಗೆ ಹೋಗುತ್ತದೆ ಎಂದು ಕೇಳಿ ಕೇಳಿ ತನ್ನ ಅಜ್ಜಿಯ ನಿದ್ದೆ ಕೆಡಿಸುತ್ತಿದ್ದಳು. ಅಜ್ಜಿ ಗದರುತ್ತಿರಲಿಲ್ಲ, ಎದ್ದು ಕೂತು ಕಥೆ ಶುರುಮಾಡುತ್ತಿದ್ದಳು.

ಮಧ್ಯಾಹ್ನ ಹಾಡುಗಳ ಹೊತ್ತಿನಲ್ಲಿ ಪಕ್ಕದ ಖಾಲಿ ಸ್ಟುಡಿಯೋದಲ್ಲಿ ಕೂತು ಪ್ರಕಟಣೆಯನ್ನು ಬೆಳಿಗ್ಗೆ ಓದಿದಂತೆಯೇ ಓದಿ ನೋಡಿದಳು. ಎಡಗೈ ಮೈಕಿನ ಗುಂಡಿಯ ಮೇಲೆ, ಬಲಗೈ ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ. ಪರದೆ ಓದಿ ಮುಗಿದರೆ ಒಂದು ಸಲ ಒತ್ತುವುದು, ಮುಂದಿನ ಭಾಗ ಮೇಲೇರಿ ಬರುತ್ತದೆ. ಎಲ್ಲೂ ತಡವರಿಕೆಯಿರಲಿಲ್ಲ. ಒಂದು ಹೆಸರಾದ ಮೇಲೆ ಇನ್ನೊಂದು ಹೆಸರು. ನಡುವೆ ಒಬ್ಬರು ಬಿದ್ದುಹೋದರೆ ಗೊತ್ತಾಗುವುದಾದರೂ ಹೇಗೆ? ಹೆಸರುಗಳು ಕೈಕೈ ಹಿಡಿದುಕೊಂಡು ನಿಂತಿರುವುದಿಲ್ಲವಲ್ಲ.

ಕೈಕೈ ಹಿಡಿದು ನಿಂತದ್ದೇನಾದರೂ ಬೇಕು, ಅನ್ನಿಸಿತು. ಕಣ್ಣಿಗಿಂತ ಮುಂಚೆ ಬಾಯಿಗೆ ಗೊತ್ತಿರುವಂಥದ್ದು.

ಅವಳು ಪ್ರಕಟಣೆಯ ಪುಟದ ಪರೀಕ್ಷೆಯ ಜಾಗದಲ್ಲಿ ಅಜ್ಜಿಯ ಕಥೆಯೊಂದನ್ನು ಟೈಪು ಮಾಡತೊಡಗಿದಳು. ಗಾಳಿಯನ್ನು ಬುಟ್ಟಿಯಲ್ಲಿ ಹಿಡಿದಿಟ್ಟ ಮುದುಕಿಯ ಕಥೆ. ಬುಟ್ಟಿಗೆ ಮುಚ್ಚಳವಿಲ್ಲದೆ ಮುದುಕಿ ಮುಚ್ಚಳ ಬೇಡಿಕೊಂಡು ಏಡಿಯ ಹತ್ತಿರ ಹೋಗುತ್ತಾಳೆ, ಬಾವಲಿಯ ಹತ್ತಿರ, ಕೊಕ್ಕರೆಯ ಹತ್ತಿರ, ಅಷ್ಟಪದಿಯ ಹತ್ತಿರ; ಒಬ್ಬರೂ ಕೊಡುವುದಿಲ್ಲ. ಒಂದೊಂದು ಸಾಲಿಗೂ ಅಜ್ಜಿ ಉಸಿರು ಹಿಡಿದು ಕಾಯುತ್ತಿದ್ದಳು. ಕತ್ತಲಲ್ಲಿ ಮಲಗಿದ ಮಕ್ಕಳೆಲ್ಲ ಅಯ್ಯೋ ಅನ್ನುವ ಹಾಗೆ "ಔವೇ" ಎನ್ನಬೇಕು. ಯಾರೂ ಅನ್ನದಿದ್ದರೆ ಎಲ್ಲರಿಗೂ ನಿದ್ದೆ ಬಂತೆಂದು ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಟೈಪು ಮಾಡಿದ್ದನ್ನು ಉಳಿಸಿ, ಪುಟ ತೆರೆದು, ಓದತೊಡಗಿದಳು.

"ಬಾವಲಿಯ ಹತ್ತಿರ ಹೋದಳು, ಬಾವಲಿ ರೆಕ್ಕೆ ಮುಚ್ಚಿಕೊಂಡಿತು. ಔವೇ." ಪರದೆ ಮುಗಿಯಿತು. ಹೆಬ್ಬೆರಳು ಒತ್ತಿತು. "ಕೊಕ್ಕರೆಯ..." ಎಂದಿತು ಬಾಯಿ.

ಕಣ್ಣೆದುರಿಗೆ ಇದ್ದದ್ದು ಅಷ್ಟಪದಿ.

ಕೊಕ್ಕರೆಯನ್ನು ಟೈಪು ಮಾಡಿದ ಬೆರಳಿನ ಬಿಸಿ ಇನ್ನೂ ಆರಿರಲಿಲ್ಲ. ಮೆಲ್ಲನೆ, ಬಿಲದಿಂದ ಏಡಿಯನ್ನು ಹೊರಗೆಳೆಯುವವಳ ಹಾಗೆ, ಮೇಲ್ಮುಖದ ಬಾಣದ ಗುಂಡಿಯನ್ನು ಒಂದು ಸಲ ಒತ್ತಿದಳು. ಪುಟ ತುಸು ಕೆಳಗೆ ಜಾರಿತು. ಪರದೆಯ ನೆತ್ತಿಯಲ್ಲಿ ಕೇಂದ್ರದ ಹೆಸರೂ ಶಂಖದ ಚಿತ್ರವೂ ಇದ್ದ ಅಗಲವಾದ ನೀಲಿ ಪಟ್ಟಿಯೊಂದಿತ್ತು. ಈಚೆಗೆ ಪ್ರಕಟಣೆಗಳ ಪುಟವನ್ನು ಹೊಸದಾಗಿ ಮಾಡಿಸಿದಾಗ ಅದರ ಜೊತೆಗೇ ಬಂದದ್ದು. ಆ ಪಟ್ಟಿಯ ಕೆಳಗಿನಿಂದ ಕೊಕ್ಕರೆ ಮೊದಲು ಕಾಲು, ಆಮೇಲೆ ಮೈ ತೋರಿಸುತ್ತ ಈಚೆ ಬಂತು.

"ರೊಪಾಟೀ! ಓಡಿ ಬಾರೋ!"

ಅವನು ಬಂದವನೇ ಮೌಸಿಗೆ ಕೈ ಹಾಕಿದ. ಅವಳು ಆ ಕೈಯ ಮೇಲೆ ಒಂದು ಏಟು ಕೊಟ್ಟಳು. "ಅದನ್ನ ಮುಟ್ಟಬೇಡ. ಚಕ್ರದ ಸದ್ದು ಮೈಕಿಗೆ ಹೋಗತ್ತೆ, ಸ್ಪೇಸ್ ಬಾರ್ ಒತ್ಕೊಂಡು ಓದು ಅಂತ ಹೇಳ್ಕೊಟ್ಟೋನು ನೀನೇ. ಈಗ ನೀನೇ ಒತ್ತು."

ಒತ್ತಿದ. ಕೊಕ್ಕರೆ ಮಾಯವಾಯಿತು. ಬಾಣದ ಗುಂಡಿ ಒತ್ತಿದ. ಬಂತು.

"ಹೌದಲ್ವೇ!" ಅವನು ಕುರ್ಚಿ ಎಳೆದುಕೊಂಡು ಕೂತ. "ಸ್ಪೇಸ್ ಬಾರ್ ಒತ್ತಿದ್ರೆ ಪುಟ ಒಂದು ಪರದೆಯಷ್ಟು ಮೇಲೆ ಹೋಗತ್ತೆ. ಈ ಪಟ್ಟಿ ಮಾತ್ರ ಕೂತ ಜಾಗ ಬಿಡಲ್ಲ. ಅದು ಅಲ್ಲಿದೆ ಅನ್ನೋದು ಪುಟಕ್ಕೆ ಲೆಕ್ಕಕ್ಕೇ ಇಲ್ಲ. ಮೇಲಿನ ಸಾಲುಗಳು ಸೀದಾ ಅದರ ಹೊಟ್ಟೆ ಕೆಳಗೆ." ಕಿವಿ ಕೆರೆದುಕೊಂಡ. "ಪುಟ ಮಾಡಿದೋನಿಗೆ ಬರೀತೀನಿ. ಅಲ್ಲೀವರೆಗೆ ಕೆಳಗಿನ ಬಾಣ ಒತ್ಕೊಂಡು ಸಾಲು ಸಾಲಾಗಿ ಓದು. ಆಮೇಲೆ... ಆ ಮುದುಕಿ ಕೊಕ್ಕರೆ ಹತ್ರ ಹೋದ್ಮೇಲೆ ಏನಾಯ್ತು?"

"ಔವೇ ಅನ್ನು, ಹೇಳ್ತೀನಿ."

ಫೇನುನುತಿ ಅಜ್ಜಿಗೆ ಇದನ್ನು ಫೋನಿನಲ್ಲಿ ಹೇಳುವುದಾದರೂ ಹೇಗೆ? "ನೀವೇ ಬಂದು ನೋಡಿ, ಅಜ್ಜಿ," ಎಂದಷ್ಟೇ ಹೇಳಿದಳು ಮೊಯೆಲಂಗಿ.

ಅಜ್ಜಿ ಬಂದಳು. ಮರುದಿನ ಬೆಳಿಗ್ಗೆ ಪ್ರಕಟಣೆಗೆ ತುಸು ಮುಂಚೆ, ಸೊಂಟಕ್ಕೆ ಸಾವಿನ ಮನೆಯ ಕಪ್ಪು ಬಟ್ಟೆ ಸುತ್ತಿಕೊಂಡು, ಕೊಡೆ ಊರುತ್ತ. ಲೆಪಾಲೆಯಕ್ಕ ಎದ್ದು ನಿಂತು ಕೊಟ್ಟ ಕುರ್ಚಿಯನ್ನು ನೋಡಲೂ ಇಲ್ಲ. ಸೀದಾ ಸ್ಟುಡಿಯೋದೊಳಗೆ ಹೋಗಿ ಪರದೆಯ ಮುಂದೆಯೇ ಕೂತಳು.

"ತೋರಿಸು."

ಮೊಯೆಲಂಗಿ ಅಣ್ಣನ ಪ್ರಕಟಣೆ ತೆರೆದು ಸ್ಪೇಸ್ ಬಾರಿನ ಉದ್ದ ಗುಂಡಿ ಒತ್ತಿದಳು. ತಂಗಿ ಇರಲಿಲ್ಲ. ಬಾಣದ ಗುಂಡಿ ಒತ್ತಿದಳು. ನೀಲಿ ಪಟ್ಟಿಯ ಕೆಳಗಿನಿಂದ 'ತಂಗಿ ಫೇನುನುತಿ' ಹೊರಗೆ ಬಂತು.

ಅಜ್ಜಿ ಅವಳ ಕೈ ಸರಿಸಿ ತಾನೇ ಒತ್ತಿದಳು. ಹೋಯಿತು. ಬಂತು. ಮತ್ತೆ ಹೋಯಿತು.

"ಹೀಗೆ ಮಾಡು ಅಂತ ಇದಕ್ಕೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ, ಅಜ್ಜಿ."

"ನಿಮ್ಮ ಚಿಕ್ಕಪ್ಪ?"

"ಅವನಿಗೆ ಫೋನ್ ಚಾರ್ಜಿಗೆ ಹಾಕೋದಕ್ಕೂ ಬರಲ್ಲ."

ಅಜ್ಜಿಯ ಮೂಗಿನ ಹೊಳ್ಳೆ ತುಸು ಅರಳಿತು. ಅದು ನಗುವೋ ಅಲ್ಲವೋ ತಿಳಿಯುವಷ್ಟರಲ್ಲಿ ಗಾಜಿನ ಆಚೆಯಿಂದ ರೊಪಾಟಿ ಬೆರಳೆತ್ತಿದ. ಕೆಂಪು ದೀಪ ಹತ್ತಿಕೊಂಡಿತು.

ಅಜ್ಜಿ ಏಳಲಿಲ್ಲ. ಅವಳ ಬೆರಳು ಈಗ ಕೆಳಗಿನ ಬಾಣದ ಮೇಲಿತ್ತು. ಮೊಯೆಲಂಗಿ ನಿಂತುಕೊಂಡೇ ಮೈಕನ್ನು ತನ್ನ ಕಡೆಗೆ ಬಗ್ಗಿಸಿಕೊಂಡು ಓದತೊಡಗಿದಳು. ಊರಿನ ಹೆಸರು, ಮನೆತನದ ಬಿರುದು, ತೀರಿಕೊಂಡವನ ಹೆಸರು. ಅವಳು ಒಂದು ಸಾಲು ಮುಗಿಸಿದಂತೆ ಅಜ್ಜಿ ಒಂದು ಸಲ ಒತ್ತುತ್ತಿದ್ದಳು. ಹೆಂಡತಿ. ಮಕ್ಕಳು. ಆಕ್ಲೆಂಡಿನ ಮೊಮ್ಮಕ್ಕಳು.

"ತಂಗಿ ಫೇನುನುತಿ," ಎಂದು ಓದಿದಳು ಮೊಯೆಲಂಗಿ, "ಮತ್ತು ಮಕ್ಕಳು."

ಅಜ್ಜಿಯ ಬೆರಳು ಒತ್ತಲಿಲ್ಲ. ಆ ಸಾಲು ಪರದೆಯ ನಟ್ಟನಡುವೆ ನಿಂತಿತ್ತು. ಹೆಸರುಗಳು ಇನ್ನೂ ಉಳಿದಿದ್ದವು. ದ್ವೀಪದ ಮನೆಮನೆಯ ರೇಡಿಯೋಗಳಲ್ಲಿ ಸದ್ದಿರಲಿಲ್ಲ. ಗಾಜಿನ ಆಚೆ ರೊಪಾಟಿ ಎರಡೂ ಕೈ ಎತ್ತಿ, ಮುಂದೆ, ಮುಂದೆ ಎಂದು ಸನ್ನೆ ಮಾಡುತ್ತಿದ್ದ.

ಮೊಯೆಲಂಗಿ ಆ ಕಡೆ ನೋಡಲಿಲ್ಲ. ಗುಂಡಿಯ ಮೇಲೆ ಸುಮ್ಮನೆ ಕೂತಿದ್ದ ಮುದಿ ಬೆರಳನ್ನು ನೋಡುತ್ತ, ಉಸಿರು ಹಿಡಿದು, ಕಾದಳು.